ಎದುರುಮಣೆಯ ಪಾಳಿ

ಬಿಳೇಕೊಳ್ಳ
ನೆರಳು ಶಕೆ ನೂರಾ ಹನ್ನೊಂದು, ಶ್ರಾವಣದ ಕೊನೆಯ ವಾರ

ಪೂಜ್ಯ ಶಶಿಕಲಾ ಅಕ್ಕೋರಿಗೆ, ನಿಮ್ಮ ಹೆಸರಿನ ಕಲಿಮನೆಯಲ್ಲಿ ಪಾಠ ಹೇಳುವ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮಗೆ ಅರ್ಥವಾಗಲಾರದು. ನೀವು ಎಣಿಸುವ ಇಸವಿಯಲ್ಲಿ ಅದು ಇಪ್ಪತ್ತಮೂರನೆಯ ಶತಮಾನದೊಳಗೆ ಎಲ್ಲೋ ಬೀಳುತ್ತದೆ. ನಮ್ಮೂರಿನಲ್ಲಿ ಮೊದಲ ಬೀದಿಗೆ ಮೇಲಿನಿಂದ ಬಟ್ಟೆ ಕಟ್ಟಿ ನೆರಳು ಮಾಡಿದ ವರ್ಷದಿಂದ ನಾವು ಲೆಕ್ಕ ಹಿಡಿಯುತ್ತೇವೆ; ಅದಕ್ಕೇ ನೆರಳು ಶಕೆ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಬೇಸಿಗೆ ಹಿಗ್ಗಿದ ಮೇಲೆ ಹಿರಿಯರು ವೈಶಾಖವನ್ನು ಎರಡು ಮಾಡಿದರು. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಮಾತುಗಳು ಬರುತ್ತವೆ, ಪರಿಚಯದ ಮಾತುಗಳು ಬೇರೆ ಅರ್ಥದಲ್ಲಿ ಬರುತ್ತವೆ. ಅದಕ್ಕೆ ಕ್ಷಮೆ ಇರಲಿ. ಬಂದಲ್ಲಿ ಬಂದಲ್ಲಿ ವಿವರಿಸುತ್ತ ಹೋಗುತ್ತೇನೆ.

ಇಂಥ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಹಿಂದಿನವರಿಗೆ ಬರೆಯುವ ಓಲೆ. ಕಲಿಮನೆಯ ಮಕ್ಕಳೆಲ್ಲ, ಅಂದರೆ ನಿಮ್ಮ ಮಾತಿನಲ್ಲಿ ಶಾಲೆಯ ಮಕ್ಕಳೆಲ್ಲ, ವರ್ಷಕ್ಕೊಮ್ಮೆ ಒಂದು ಹಿಂದೋಲೆ ಬರೆಯಬೇಕು. ಹೆಚ್ಚಿನವರು ನಿಮಗೇ ಬರೆಯುತ್ತಾರೆ. ಹೆಚ್ಚಿನವು ಕೃತಜ್ಞತೆಯ ಪತ್ರಗಳು. ನಾನು ಅವುಗಳ ಕಾಗುಣಿತ ತಿದ್ದಿ, ಚೆನ್ನಾಗಿದೆ ಎಂದು ಬರೆದು ಕೊಡುತ್ತಿದ್ದೆ. ನಾನೇ ಒಂದನ್ನು ಬರೆಯುತ್ತಿರುವುದು ಇದೇ ಮೊದಲು. ಇದು ಕೃತಜ್ಞತೆಯ ಪತ್ರವಲ್ಲ.

ನಿಮ್ಮ ಬಗ್ಗೆ ನಮಗೆ ಗೊತ್ತಿರುವುದು ಒಂದೇ ಕತೆ. ನಿಮ್ಮ ಶಾಲೆಯ ಮಕ್ಕಳು ನೀವು ಏನು ಕೇಳಿದರೂ ಒಟ್ಟಾಗಿ "ಹೂಂರಿ ಅಕ್ಕೋರ" ಎನ್ನುತ್ತಿದ್ದರಂತೆ. ಬೇಸತ್ತ ನೀವು ಒಂದು ದಿನ, ಬಿಸಿಯೂಟದ ಅಡುಗೆಯವರು ಕೂರುತ್ತಿದ್ದ ಮಣೆಯನ್ನು ತಂದು ತರಗತಿಗೆ ಎದುರಾಗಿ ಇಟ್ಟಿರಂತೆ. ಇದರ ಮೇಲೆ ಪಾಳಿಯ ಪ್ರಕಾರ ಒಬ್ಬೊಬ್ಬರು ಕೂರಬೇಕು, ಕೂತವರು ಉಳಿದವರೆಲ್ಲ ಒಪ್ಪಿದ್ದನ್ನು ಬೇಡ ಎನ್ನಬೇಕು ಎಂದಿರಂತೆ. ಅಂದಿನ ವಿಷಯ ಬಸ್ಸಿನಲ್ಲಿ ಪ್ರವಾಸ ಹೋಗುವುದು. ಮೊದಲು ಕೂತ ಹುಡುಗಿಯ ಹೆಸರು ಉಳಿದಿಲ್ಲ, ಮಾತು ಮಾತ್ರ ಉಳಿದಿದೆ: "ಬ್ಯಾಡ್ರಿ ಅಕ್ಕೋರ, ಬಸ್ಸಿನ್ಯಾಗ ನನಗ ವಾಂತಿ ಬರತೈತಿ." ತರಗತಿಯೆಲ್ಲ ನಕ್ಕಿತಂತೆ. ನೀವು ನಗಲಿಲ್ಲವಂತೆ. ಅಂದಿನಿಂದ ಎದುರುಮಣೆ ಇದೆ ಎನ್ನುವಲ್ಲಿಗೆ ಕತೆ ಮುಗಿಯುತ್ತದೆ.

ಆ ಮಣೆ ಎಲ್ಲಿಯವರೆಗೆ ಬಂತು ಎಂದು ಕೇಳಿದರೆ ನಿಮಗೆ ಸಂತೋಷವಾಗಬಹುದು. ಮೊದಲು ಅದನ್ನೇ ಹೇಳುತ್ತೇನೆ.

ನಮ್ಮದು ಮಗ್ಗದ ಊರು. ನಿಮ್ಮ ಕಾಲದಲ್ಲಿ ಇಲ್ಲಿ ಸೀರೆ ನೇಯುತ್ತಿದ್ದರಂತೆ. ನಾವು ನೇಯುವುದು ಮೇಲರಿವೆ. ಬೀದಿಯ ಎರಡೂ ಬದಿಯ ಕಂಬಗಳಿಗೆ ಹಗ್ಗ ಎಳೆದು, ಮನೆಗಳ ಮಾಳಿಗೆಯ ಮೇಲೂ ಹಾಯುವಂತೆ ಕಟ್ಟುವ ದಪ್ಪ ಬಿಳಿ ಬಟ್ಟೆಗೆ ಆ ಹೆಸರು. ಮೇಲರಿವೆ ಇಲ್ಲದ ಬೀದಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕಳೆಯುವುದು ಕಷ್ಟ. ಗೋಡೆ ಮುಟ್ಟಲಾಗುವುದಿಲ್ಲ, ತೊಟ್ಟಿಯ ನೀರಿನಲ್ಲಿ ಕೈ ಇಡಲಾಗುವುದಿಲ್ಲ. ಹಾಗಾಗಿ ನಾವು ನಸುಕಿನಲ್ಲಿ ಕೆಲಸ ಆರಂಭಿಸಿ, ಬಿಸಿಲು ಏರಿದ ಮೇಲೆ ನಿಲ್ಲಿಸಿ, ಸಂಜೆ ಮತ್ತೆ ಮಗ್ಗಕ್ಕೆ ಕೂರುತ್ತೇವೆ. ನಡುವಿನ ಆ ಸಮಯಕ್ಕೆ ಮುಚ್ಚುಹೊತ್ತು ಎಂದು ಹೆಸರು. ಮುಚ್ಚುಹೊತ್ತಿನಲ್ಲಿ ಮಗ್ಗದ ಮನೆಯ ದಪ್ಪ ಗೋಡೆಗಳೊಳಗೆ ಅರ್ಧ ಊರು ಮಲಗಿರುತ್ತದೆ. ಚೌಕಾಬಾರದ ಕವಡೆಗಳ ಸದ್ದು, ಮಕ್ಕಳ ಪಿಸುಮಾತು, ಯಾರದೋ ಗೊರಕೆ. ಒಳ್ಳೆಯ ಹೊತ್ತು ಅದು.

ಗುರುವಾರ ಸಂಜೆ ಅದೇ ಮಗ್ಗದ ಮನೆಯ ಅಂಗಳದಲ್ಲಿ ಸಭೆ. ಯಾವ ಬಣ್ಣ ಅದ್ದಬೇಕು, ಯಾರ ಬೀದಿಗೆ ಹೊಸ ಅರಿವೆ, ಕಲಿಮನೆಗೆ ರಜೆ ಯಾವಾಗ, ಎಲ್ಲವೂ ಅಲ್ಲಿಯೇ ತೀರ್ಮಾನ. ಸಭೆ ನಡೆಸುವವರನ್ನು ನಡುವಿನವರು ಎನ್ನುತ್ತೇವೆ, ಅವರು ಯಾವ ಕಡೆಗೂ ಸೇರಬಾರದು ಎಂದು. ಅವರ ಎದುರಿಗೆ ಮಣೆ. ಅದು ನಿಮ್ಮದೇ ಮಣೆ ಎಂದು ನಾವು ನಂಬುತ್ತೇವೆ. ಮೂಲೆ ಸವೆದಿದೆ, ನಡುವೆ ಒಂದು ಸೀಳಿದೆ. ಮಣೆಯ ಮೇಲೆ ಒಬ್ಬರು ಕೂತು ಎದುರುಮಾತು ಆಡದೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ. ಬೆಳೆದವರಿಗೆಲ್ಲ ಪಾಳಿ ಬರುತ್ತದೆ, ತಪ್ಪಿಸುವಂತಿಲ್ಲ. ಮದುವೆಯ ಮಾತುಕತೆಯಲ್ಲೂ ಮಣೆ ಹಾಕುತ್ತಾರೆ. ನನ್ನ ಮದುವೆಯಲ್ಲಿ ನನ್ನ ಗಂಡನ ಸೋದರಮಾವ ಅದರ ಮೇಲೆ ಕೂತು ನನ್ನ ದೋಷಗಳನ್ನೆಲ್ಲ ಒಂದೂ ಬಿಡದೆ ಹೇಳಿ, ಆಮೇಲೆ ಎಲ್ಲರಿಗಿಂತ ಮೊದಲು ಊಟದ ಎಲೆಗೆ ಕೂತರು. ಪರ ಊರಿನವರು ನಮ್ಮ ಸಭೆ ನೋಡಲು ಬರುತ್ತಾರೆ, ಮಣೆಯ ಅಳತೆ ತೆಗೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಜಗಳವಿಲ್ಲ. ಸಭೆಯಲ್ಲಿ ಯಾರೂ ಧ್ವನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

ಎದುರುಮಾತು ಕಲಿಸುವುದೇ ನನ್ನ ಕೆಲಸ. ಅದಕ್ಕೆ ನಿಯಮಗಳಿವೆ. ಕೂತವರು ತಮ್ಮ ಸ್ವಂತದ್ದು ಹೇಳಬಾರದು. ಯಾರ ಹೆಸರನ್ನೂ ಎತ್ತಬಾರದು. ಸಿಟ್ಟು ತೋರಬಾರದು. ತಾವು ನಂಬದ ಮಾತನ್ನೂ ನಂಬುವವರಂತೆ ಹೇಳಬಲ್ಲವರೇ ನಿಜವಾಗಿ ಕಲಿತವರು. ಚೆನ್ನಾಗಿ ಹೇಳಿದರೆ ಸಭೆಯವರು ಕೂತ ಚಾಪೆಯನ್ನು ಅಂಗೈಯಿಂದ ತಟ್ಟುತ್ತಾರೆ. ನಿಮ್ಮ ಮೊದಲ ಹುಡುಗಿಯ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತಿದ್ದೆ, ಕಲಿಯದವರ ಎದುರುಮಾತು ಹೇಗಿರುತ್ತದೆ ಎಂದು ತೋರಿಸಲು. ಇದು ವಾದವಲ್ಲ, ಬರೀ ತನ್ನ ತೊಂದರೆ ಹೇಳಿಕೊಂಡದ್ದು ಎನ್ನುತ್ತಿದ್ದೆ. ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಈ ವರ್ಷ ಹತ್ತಿ ಕಡಿಮೆ ಬಂತು. ಇದ್ದ ನೂಲಿನಲ್ಲಿ ಎಲ್ಲ ಬೀದಿಗಳಿಗೂ ಹೊಸ ಅರಿವೆ ಆಗುವಂತಿರಲಿಲ್ಲ. ಪೇಟೆಯ ಬೀದಿಯಲ್ಲಿ, ಕಲಿಮನೆಯ ಅಂಗಳದಲ್ಲಿ ಹಳೆಯ ಅರಿವೆ ತೆಳುವಾಗಿತ್ತು. ಚೈತ್ರದ ಒಂದು ಸಭೆಯಲ್ಲಿ ಒಂದು ಸೂಚನೆ ಬಂತು: ಕೆಳಗಿನೋಣಿಯ ಅರಿವೆ ಬಿಚ್ಚಿ ಪೇಟೆಗೆ ಮತ್ತು ಕಲಿಮನೆಗೆ ಎರಡನೆಯ ಪದರವಾಗಿ ಹೊಲಿಯುವುದು. ಆ ಓಣಿಯಲ್ಲಿ ಮನೆಗಳು ಕಡಿಮೆ. ಅಲ್ಲಿಯವರೆಲ್ಲ ಮಗ್ಗದ ಮನೆಯ ಕೆಲಸದವರು, ಮುಚ್ಚುಹೊತ್ತನ್ನು ಅಲ್ಲಿಯೇ ಕಳೆಯುವವರು. ಒಂದು ಬೇಸಿಗೆಯ ಮಟ್ಟಿಗೆ ಅವರಿಗೆ ತೊಂದರೆಯಿಲ್ಲ ಎಂದು ಲೆಕ್ಕ.

ಲೆಕ್ಕ ಒಬ್ಬನನ್ನು ಬಿಟ್ಟು ಎಲ್ಲರಿಗೂ ಸರಿಯಾಗಿತ್ತು. ಆ ಒಬ್ಬ ಭರಮಪ್ಪ. ಊರಿನ ಹಗ್ಗ ಕಟ್ಟುವ ಕೆಲಸ ಅವನದಾಗಿತ್ತು. ಹಿಂದಿನ ವರ್ಷ ಪೇಟೆಯ ಅರಿವೆ ಕಟ್ಟುವಾಗ ಕಂಬದಿಂದ ಬಿದ್ದು ಬೆನ್ನುಮೂಳೆ ಮುರಿದಿತ್ತು. ಅಂದಿನಿಂದ ಕೆಳಗಿನೋಣಿಯ ಮನೆಯಲ್ಲಿ ಮಂಚದ ಮೇಲೆ ಇದ್ದ. ಅವನನ್ನು ಎತ್ತುವಂತಿರಲಿಲ್ಲ, ಒಮ್ಮೆ ಹಲಗೆಯ ಮೇಲೆ ಸಾಗಿಸಲು ನೋಡಿದಾಗ ಬಾಗಿಲು ದಾಟುವುದರೊಳಗೆ ಅವನಿಗೆ ಪ್ರಜ್ಞೆ ತಪ್ಪಿತ್ತು. ಅವನನ್ನು ನೋಡಿಕೊಳ್ಳುತ್ತಿದ್ದವಳು ಅವನ ಅಕ್ಕ ಹುಲಿಗೆವ್ವ. ಮಗ್ಗದ ಮನೆಯಲ್ಲಿ ಬಣ್ಣದ ಕೆಲಸ ಅವಳದು. ಚಿಕ್ಕವಳಿದ್ದಾಗ ನನ್ನ ಹತ್ತಿರ ಕಲಿತವಳು. ಅವಳಿಗೆ ಎದುರುಮಾತು ಬರಲೇ ಇಲ್ಲ; ಮಣೆಯ ಮೇಲೆ ಕೂತರೆ ತೊದಲುತ್ತಿದ್ದಳು, ಹೇಳಿದ್ದನ್ನೇ ಹೇಳುತ್ತಿದ್ದಳು.

ಆ ಸಂಜೆಯ ಪಾಳಿ ರುದ್ರಮುನಿಯದು. ಅವನೂ ನನ್ನ ಶಿಷ್ಯ, ನಾನು ಕಲಿಸಿದವರಲ್ಲಿ ಎಲ್ಲರಿಗಿಂತ ಮೇಲು. ಅವನು ಕೆಳಗಿನೋಣಿಯ ಪರವಾಗಿ ಮಾತಾಡಿದ. ಇಂದು ಒಂದು ಓಣಿಯ ನೆರಳು ತೆಗೆದವರು ನಾಳೆ ಯಾವ ಓಣಿಯನ್ನು ಬಿಟ್ಟಾರು ಎಂದ. ಎದ್ದು ಬರಲಾಗದವರ ಪರವಾಗಿ ಎದ್ದು ಬರುವವರು ಯೋಚಿಸಬೇಕು ಎಂದ. ನಿಯಮದಂತೆ ಹೆಸರು ಎತ್ತಲಿಲ್ಲ, ಆದರೆ ಎಲ್ಲರ ಕಣ್ಣ ಮುಂದೆ ಭರಮಪ್ಪ ಬಂದ. ನನ್ನ ಪಕ್ಕದವರು ಕಣ್ಣು ಒರೆಸಿಕೊಂಡರು. ಚಾಪೆ ತಟ್ಟಿದ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ನಡುವಿನವರಾದ ಅಡಿವೆಪ್ಪನವರು ಸೂಚನೆಗೆ ಕೈ ಎತ್ತಲು ಹೇಳಿದರು. ಎಲ್ಲರೂ ಎತ್ತಿದೆವು. ರುದ್ರಮುನಿಯೂ ಎತ್ತಿದ. ಅದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲ. ಎದುರುಮಾತು ಆಡುವುದು ಪಾಳಿಯ ಕೆಲಸ, ಕೈ ಎತ್ತುವುದು ಅವರವರ ವಿವೇಕ.

ಹುಲಿಗೆವ್ವ ಎದ್ದು ನಿಂತಳು. "ನನ್ನ ತಮ್ಮ ಏಳಾಂಗಿಲ್ಲ," ಎಂದಳು. "ನಿಮಗ ಗೊತ್ತೈತಿ. ಅವ ಏಳಾಂಗಿಲ್ಲ. ಮಧ್ಯಾಹ್ನ ಗ್ವಾಡಿ ಸುಡತಾವ. ಅವ ಎಲ್ಲಿಗೆ ಹೋಗಬೇಕು? ಏಳಾಂಗಿಲ್ಲ ಅವ." ಇಷ್ಟನ್ನೇ ಹಿಂದೆ ಮುಂದೆ ಮಾಡಿ ಹೇಳುತ್ತಿದ್ದಳು. ಧ್ವನಿ ಏರುತ್ತಿತ್ತು.

ಅಡಿವೆಪ್ಪನವರು ಒಳ್ಳೆಯ ಮನುಷ್ಯ. ಮೆತ್ತಗೆ ಹೇಳಿದರು: "ಹುಲಿಗೆವ್ವ, ನಿನ್ನ ಪಾಳಿ ಶ್ರಾವಣದಾಗ ಐತೆವಾ. ಈ ಮಾತು ರುದ್ರಮುನಿ ಆಗಲೇ ಹೇಳ್ಯಾನಲ್ಲ? ನೀ ಹೇಳೂದಕ್ಕಿಂತ ಚಂದ ಹೇಳ್ಯಾನ."

"ಹೇಳಿದ," ಎಂದಳು ಹುಲಿಗೆವ್ವ. "ಆಮ್ಯಾಲೆ ಕೈನೂ ಎತ್ತಿದ."

ಯಾರೋ ಸಣ್ಣಗೆ ನಕ್ಕರು. ಅವಳನ್ನು ನೋಡಿ ನನಗೆ ಸಂಕೋಚವಾಯಿತು. ಇಷ್ಟು ವರ್ಷವಾದರೂ ಸ್ವಂತದ್ದು ಹೇಳಬಾರದು ಎಂಬ ಮೊದಲ ಪಾಠವೂ ಇವಳಿಗೆ ಹತ್ತಲಿಲ್ಲವಲ್ಲ ಎಂದುಕೊಂಡೆ. ಅವಳು ಹೇಳಿದ್ದೇನು ಎಂದು ಯೋಚಿಸಲಿಲ್ಲ. ಹೇಗೆ ಹೇಳಿದಳು ಎಂದಷ್ಟೇ ಯೋಚಿಸಿದೆ. ಅವಳು ಕೂತಳು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಅರಿವೆ ಬಿಚ್ಚುವ ದಿನ ನಮ್ಮಲ್ಲಿ ಅರ್ಧ ಹಬ್ಬ. ಊರಿನವರೆಲ್ಲ ಬರುತ್ತಾರೆ, ಹಗ್ಗ ಹಿಡಿಯುತ್ತಾರೆ, ಚುರುಮುರಿ ಹಂಚುತ್ತಾರೆ. ಅಂದೂ ಹಾಗೆಯೇ ಆಯಿತು. ಕೆಳಗಿನೋಣಿಯ ಒಂದು ತುದಿಯ ಗಂಟು ಬಿಚ್ಚುವಾಗ ಒಳಗಿನಿಂದ ಭರಮಪ್ಪನ ಧ್ವನಿ ಕೇಳಿತು: "ಆ ಕಡಿ ಗಂಟ ಮೊದ್ಲ ಬಿಚ್ಚಬ್ಯಾಡ್ರಿ, ಅರಿವಿ ಒಮ್ಮಿಗೇ ಜೋಲಿ ಹೊಡಿತೈತಿ, ಯಾರರೆ ಬಿದ್ದೀರಿ." ತನ್ನ ನೆರಳು ಇಳಿಸುವವರು ಬೀಳದಂತೆ ಅವನು ಎಚ್ಚರಿಸುತ್ತಿದ್ದ. "ಆತು ಭರಮಣ್ಣ," ಎಂದು ಮೇಲಿದ್ದವರು ಕೂಗಿ ಹೇಳಿದರು. ಹಾಗೆಯೇ ಮಾಡಿದರು.

ಮುಂದಿನ ಗುರುವಾರ ಅಂಗಳದಲ್ಲಿ ಮಣೆ ಇರಲಿಲ್ಲ.

ಅದು ಕೆಳಗಿನೋಣಿಯಲ್ಲಿದೆ ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಹುಲಿಗೆವ್ವ ಅದನ್ನು ತನ್ನ ಹೊಸ್ತಿಲ ಒಳಗೆ ಇಟ್ಟುಕೊಂಡು, ಮುಚ್ಚುಹೊತ್ತಿನಲ್ಲಿ ಅದರ ಮೇಲೆ ಕೂತು ತಮ್ಮನಿಗೆ ಗಾಳಿ ಬೀಸುತ್ತಿದ್ದಳು. ಅಡಿವೆಪ್ಪನವರು, ರುದ್ರಮುನಿ ಮತ್ತು ನಾನು ಕೇಳಲು ಹೋದೆವು. ಅವಳು ಮನೆಯಲ್ಲಿರುವ ಹೊತ್ತು ಅದೇ ಆದ್ದರಿಂದ ನಡು ಬಿಸಿಲಿನಲ್ಲಿ ಹೋಗಬೇಕಾಯಿತು. ಓಣಿಯಲ್ಲಿ ಕಾಲಿಟ್ಟಾಗ ಕೆರದ ಅಡಿಯಿಂದ ಬಿಸಿ ಹತ್ತಿತು. ಪಕ್ಕದ ಮನೆಯ ಖಾಜಾಬಿ, ಗಾಳಿ ಬೀಸುವುದಕ್ಕೆ ಕೈ ಬದಲಿಸಲು ಬಂದಿದ್ದವರು, ನಮ್ಮನ್ನು ನೋಡಿ ಹೇಳಿದರು: "ಬರ್ರಿ ಬರ್ರಿ. ಬಿಸಲ ನೋಡಾಕ ಬಂದ್ರೇನು? ನಮ್ಮ ಓಣ್ಯಾಗ ಈಗ ಪುಕ್ಕಟೆ ಸಿಗತೈತಿ."

ಅಡಿವೆಪ್ಪನವರು ನೇರ ವಿಷಯಕ್ಕೆ ಬಂದರು. "ಮಣಿ ಕೊಡವಾ ಹುಲಿಗೆವ್ವ. ಮಣಿ ಇಲ್ಲದ ಸಭಾ ಆಗೂದಿಲ್ಲ."

"ಗೊತ್ತೈತ್ರಿ. ನನ್ನ ಪಾಳಿ ಶ್ರಾವಣದಾಗ ಅಂದ್ರೆಲ್ಲ. ಅಲ್ಲೀತನಕ ಇಲ್ಲೇ ಕುಂತಿರತೀನಿ."

"ತಿಳಕೋ. ಭರಮಪ್ಪನ ತ್ರಾಸ ಕೇಳಿ, ಅರಿವಿ ತಿರುಗಿ ಕಟ್ಟಬೇಕಂತ ಈಗ ಎಲ್ಲಾರಿಗೂ ಮನಸ ಬಂದೈತಿ. ಕಟ್ಟಬೇಕಂದ್ರ ತೀರ್ಮಾನ ಆಗಬೇಕು. ತೀರ್ಮಾನಕ್ಕ ಸಭಾ ಬೇಕು, ಸಭಾಕ್ಕ ಮಣಿ ಬೇಕು."

"ಬಿಚ್ಚಾಕ ಎಷ್ಟ ಮಂದಿ ಬಂದಿದ್ರಿ? ಕಟ್ಟಾಕ ಅಷ್ಟ ಮಂದಿ ಬರ್ರಿ. ಕಂಬ ಅಲ್ಲೇ ಅದಾವ. ಮೊದ್ಲ ಅರಿವಿ ಕಟ್ರಿ, ಆಮ್ಯಾಲೆ ಮಣಿ ಒಯ್ರಿ."

"ಹಂಗ ಮಾಡಾಕ ಬರೂದಿಲ್ಲವಾ. ಇವತ್ತ ನಿನಗ ಮಾಡಿದ್ರ ನಾಳಿ ಇನ್ನೊಬ್ರು ಮಣಿ ಹೊತಗೊಂಡ ಹೊಕ್ಕಾರ."

ರುದ್ರಮುನಿ ಮುಂದೆ ಬಂದ. "ಅಕ್ಕಾ, ಬೇಕಾದ್ರ ನಾನ ಮತ್ತೊಮ್ಮೆ ನಿಮ್ಮ ಪರವಾಗಿ..."

"ನೀ ಸುಮ್ನಿರಪಾ," ಎಂದಳು ಹುಲಿಗೆವ್ವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನೀ ಮಾತಾಡಿದ್ರ ಮಂದಿಗೆ ಹೊಟ್ಟಿ ತುಂಬತೈತಿ. ಆಮ್ಯಾಲೆ ಯಾರೂ ಏನೂ ಮಾಡಾಂಗಿಲ್ಲ."

ಅಡಿವೆಪ್ಪನವರು ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಕೈ ಇಟ್ಟರು, ತಕ್ಷಣ ತೆಗೆದರು. ಒಳಗಿನಿಂದ ಭರಮಪ್ಪ ಹೇಳಿದ: "ಯಕ್ಕಾ, ಹಿರ್ಯಾರನ್ನ ಬಿಸಲಾಗ ನಿಂದ್ರಸಬ್ಯಾಡ. ಒಳಗ ಕರಿ, ನೀರ ಕೊಡು." ಹುಲಿಗೆವ್ವ ಮಣೆಯಿಂದ ಏಳದೆ ಕೈ ಚಾಚಿ ಚರಿಗೆಯಲ್ಲಿ ನೀರು ಕೊಟ್ಟಳು. ನಾವು ಒಳಗೆ ಹೋದೆವು. ಒಳಗೆ ಹೊರಗಿಗಿಂತ ಹೆಚ್ಚು ಸೆಕೆ ಇತ್ತು. ಭರಮಪ್ಪನ ಮೈಮೇಲಿನ ಹಸಿ ಬಟ್ಟೆ ಅಂಚಿನಲ್ಲಿ ಆಗಲೇ ಒಣಗಿತ್ತು. ಅವನು ಕೇಳಿದ್ದು ಒಂದೇ: "ಪ್ಯಾಟಿ ಅರಿವಿ ಎರಡ ಪದರ ಹಾಕೀರಂತಲ್ಲ, ಜೋಲಿ ಬಿದ್ದಿಲ್ಲಲ್ರಿ?" ಬಿದ್ದಿಲ್ಲ ಎಂದೆವು.

ಹಿಂದಿರುಗುವ ದಾರಿಯಲ್ಲಿ ಹೊಸ ಮಣೆ ಮಾಡಿಸಿದರೆ ಹೇಗೆ ಎಂದು ನಾನು ಕೇಳಿದೆ. ಅದಕ್ಕೂ ತೀರ್ಮಾನ ಬೇಕಲ್ಲ ಎಂದರು ಅಡಿವೆಪ್ಪನವರು. ಹೌದಲ್ಲ ಎಂದೆ. ಮೂವರಿಗೂ ನಗು ಬರಬೇಕಾಗಿತ್ತು. ಬರಲಿಲ್ಲ. ನಿಯಮ ಎಷ್ಟು ಗಟ್ಟಿಯಾಗಿದೆ ಎಂದು ನನಗೆ ಒಳಗೊಳಗೆ ಹೆಮ್ಮೆಯೇ ಆಯಿತೆಂದು ಬರೆದರೆ ನೀವು ನಂಬಲಿಕ್ಕಿಲ್ಲ. ಆದರೆ ಹಾಗೆ ಆಯಿತು.

ನಾವು ಕೈಕಟ್ಟಿ ಕೂತಿದ್ದೆವು ಎಂದು ತಿಳಿಯಬೇಡಿ. ಒಬ್ಬೊಬ್ಬರಾಗಿ ನಾವು ಒಳ್ಳೆಯವರೇ. ಆ ಮನೆಯ ಮಾಳಿಗೆಗೆ ಯಾರೋ ಹಳೆಯ ಸೀರೆ ಹಾಸಿದರು, ಯಾರೋ ನೆನೆಸಿದ ಗೋಣಿಚೀಲ ತಂದು ಕಿಟಕಿಗೆ ಕಟ್ಟಿದರು. ನಾನು ದಿನವೂ ಮಜ್ಜಿಗೆ ಕಳಿಸಿದೆ. ರುದ್ರಮುನಿ ತಣ್ಣೀರಿನ ಕೊಡ ಹೊತ್ತ. ಸೀರೆ ಗಾಳಿಗೆ ಹಾರಿತು, ಗೋಣಿಚೀಲ ಒಣಗಿತು, ಮತ್ತೆ ಹಾಸಿದೆವು, ಮತ್ತೆ ನೆನೆಸಿದೆವು. ಕಂಬಗಳು ಮಾತ್ರ ಬರಿದೇ ನಿಂತಿದ್ದವು. ಪೇಟೆಯ ಮೇಲಿನ ಎರಡನೆಯ ಪದರ ಬಿಚ್ಚಿ ತರಲು ಒಂದು ಮುಂಜಾನೆ ಸಾಕಾಗಿತ್ತು. ಊರಿನಲ್ಲಿ ಬೇಡ ಎನ್ನುವವರು ಒಬ್ಬರೂ ಇರಲಿಲ್ಲ. ಬೇಡ ಎನ್ನುವವರು ಇಲ್ಲದ್ದರಿಂದಲೇ, ಬೇಡ ಎನ್ನಲು ಒಬ್ಬರು ಕೂರುವ ಮಣೆ ಇಲ್ಲದ್ದರಿಂದಲೇ, ನಾವು ಕೈ ಹಚ್ಚಲಿಲ್ಲ. ಪ್ರತಿಯೊಬ್ಬರೂ ಇನ್ನೊಬ್ಬರ ಮುಖ ನೋಡಿದೆವು, ಇನ್ನೊಬ್ಬರ ಮುಖದಲ್ಲಿ ನಿಯಮ ಕಂಡಿತು.

ಎರಡನೆಯ ವೈಶಾಖದ ಒಂದು ಮುಚ್ಚುಹೊತ್ತಿನಲ್ಲಿ ಭರಮಪ್ಪ ತೀರಿಕೊಂಡ.

ಅವನನ್ನು ಪೇಟೆಯ ಬೀದಿಯಿಂದ ಹೊತ್ತೊಯ್ದರು. ಮೇಲೆ ಎರಡು ಪದರ ಅರಿವೆ, ಬೀದಿ ತಂಪಾಗಿತ್ತು. ಮಣ್ಣು ಕೊಟ್ಟು ಬರುವಾಗ ಹಿಂದಿನಿಂದ ಯಾರೋ ಹೇಳಿದ್ದು ಕೇಳಿತು: "ಆಕಿ ಮಣಿ ಇಟಗೊಳ್ಳದಿದ್ರ ಎಂದೋ ಅರಿವಿ ಕಟ್ಟತಿದ್ವಿ." ಇನ್ನೊಬ್ಬರು ಹೌದೆಂದರು. ನಾನು ತಿರುಗಿ ನೋಡಲಿಲ್ಲ, ಅಲ್ಲ ಎನ್ನಲೂ ಇಲ್ಲ. ಆ ಮಾತು ಊರಿನಲ್ಲಿ ಈಗಲೂ ಇದೆ, ಮೆತ್ತಗಿನ ಧ್ವನಿಯಲ್ಲಿ, ಯಾರನ್ನೂ ನೋಯಿಸದ ಹಾಗೆ ಓಡಾಡಿಕೊಂಡಿದೆ. ಎಲ್ಲರಿಗೂ ಅದರಿಂದ ಅನುಕೂಲವಾಗಿದೆ.

ಮರುದಿನ ಹುಲಿಗೆವ್ವ ಮಣೆಯನ್ನು ತೊಳೆದು ತಂದು ಅಂಗಳದಲ್ಲಿಟ್ಟು ಬಣ್ಣದ ಕೆಲಸಕ್ಕೆ ಹೋದಳು. ಸಭೆಗಳು ಮತ್ತೆ ಸುರುವಾದವು. ತಡೆದು ನಿಂತಿದ್ದ ವಿಷಯಗಳು ಬಂದ ಕ್ರಮದಲ್ಲಿಯೇ ಒಂದೊಂದಾಗಿ ಬಂದವು. ಕೆಳಗಿನೋಣಿಗೆ ಅರಿವೆ ಕಟ್ಟುವ ವಿಷಯ ಬರುವಷ್ಟರಲ್ಲಿ ಶ್ರಾವಣ ಬಂದಿತ್ತು. ಅಂದಿನ ಪಾಳಿ ಯಾರದೆಂದು ಯಾರಿಗೂ ನೆನಪು ಮಾಡಬೇಕಾಗಿರಲಿಲ್ಲ. ಅಡಿವೆಪ್ಪನವರೇ ಅವಳ ಮನೆಗೆ ಹೋಗಿ, ಈ ಸಲ ಬೇರೆಯವರನ್ನು ಕೂರಿಸೋಣ ಎಂದರಂತೆ. "ನನ್ನ ಪಾಳಿ ನನಗಿರಲಿ," ಎಂದಳಂತೆ ಹುಲಿಗೆವ್ವ.

ಅವಳು ಬಂದು ಮಣೆಯ ಮೇಲೆ ಕೂತಳು. ಸೂಚನೆ ಓದಿದರು: ಮುಂದಿನ ಬೇಸಿಗೆಗೆ ಮುಂಚೆ ಕೆಳಗಿನೋಣಿಗೆ ಹೊಸ ಮೇಲರಿವೆ, ಭರಮಪ್ಪನ ಹೆಸರಿನಲ್ಲಿ. ಎಲ್ಲರೂ ಒಪ್ಪಿದ ವಿಷಯ. ನಿಯಮದ ಪ್ರಕಾರ ಅವಳು ಅದಕ್ಕೆ ಎದುರಾಗಿ ಮಾತಾಡಬೇಕು. ನೆರಳು ಬೇಡ ಎನ್ನಬೇಕು. ಇದನ್ನು ನಿಲ್ಲಿಸಬಹುದು ಎಂದು ಅಂಗಳದಲ್ಲಿ ಕೂತ ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ಅದು ಅವರ ಪಾಳಿಯಾಗಿರಲಿಲ್ಲ.

ಅವಳು ತೊದಲಲಿಲ್ಲ.

"ಬ್ಯಾಡ್ರಿ," ಎಂದಳು. "ಆ ಓಣ್ಯಾಗ ಮುಚ್ಚುಹೊತ್ತಿನ್ಯಾಗ ಮನ್ಯಾಗ ಇರಾವ ಒಬ್ಬನ ಇದ್ದ. ಈಗ ಯಾರೂ ಇಲ್ಲ. ಉಳದವ್ರು ಮಗ್ಗದ ಮನ್ಯಾಗ ಇರತಾರ. ಹತ್ತಿ ಕಡಿಮಿ ಐತಿ. ಹ್ವಾದ ಸಲ ನೀವು ಹೇಳಿದ ಕಾರಣ ಎಲ್ಲಾ ಈಗ ಖರೇ ಆಗ್ಯಾವ."

ಅಷ್ಟೇ. ಸ್ವಂತದ್ದು ಹೇಳಿರಲಿಲ್ಲ. ಹೆಸರು ಎತ್ತಿರಲಿಲ್ಲ. ಸಿಟ್ಟು ತೋರಿರಲಿಲ್ಲ. ಯಾರೋ ಚಾಪೆ ತಟ್ಟಿದ್ದು ಕೇಳಿತು, ಎರಡು ಸಲ. ಇಂಥ ಹೊತ್ತಿನಲ್ಲಿ ಇದ್ಯಾರು ಎಂದು ನಾನು ತಲೆ ತಿರುಗಿಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಟ್ಟಿದ್ದು ನನ್ನ ಕೈ.

ಹುಲಿಗೆವ್ವ ಮಣೆಯಿಂದ ಏಳುತ್ತ ಕೇಳಿದಳು: "ಈ ಸಲ ಬರೋಬ್ಬರಿ ಹೇಳಿದ್ನೇನ್ರಿ ಅಕ್ಕೋರ?"

ಅದು ಅಣಕವಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಮಣೆಯಿಂದ ಎದ್ದ ಪ್ರತಿ ಮಗುವೂ ನನ್ನ ಮುಖ ನೋಡಿ ಹೀಗೆಯೇ ಕೇಳುತ್ತದೆ, ಅದೇ ಧ್ವನಿಯಲ್ಲಿ ಕೇಳಿದಳು. ಅಡಿವೆಪ್ಪನವರು ಕೈ ಎತ್ತಲು ಹೇಳಿದರು. ಎಲ್ಲ ಕೈಗಳೂ ಎದ್ದವು. ಅರಿವೆಯ ನೂಲು ಈಗ ಮಗ್ಗದ ಮೇಲಿದೆ. ಅದಕ್ಕೆ ಹಾಕುವ ಅಂಚಿನ ಬಣ್ಣವನ್ನು ಅವಳೇ ಅದ್ದುತ್ತಿದ್ದಾಳೆ.

ಅಕ್ಕೋರೆ, ನೀವು ಆ ಮಣೆಯನ್ನು ತರಬಾರದಿತ್ತು ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಹೂಂ ಎನ್ನುವುದನ್ನು ಬಿಟ್ಟು ಬೇರೇನೂ ಬಾರದ ಮಕ್ಕಳ ಎದುರು ನಿಂತ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಬೇಡ ಎನ್ನಲು ನೀವು ಕಲಿಸಿದಿರಿ, ನಾವು ಕಲಿತೆವು. ಬೇಡ ಎಂದದ್ದನ್ನು ಕೇಳಿಸಿಕೊಂಡ ಮೇಲೆ ಏನು ಮಾಡಬೇಕು ಎಂಬುದನ್ನೂ ನೀವು ಕಲಿಸಿರಬೇಕು. ಅದು ನಮ್ಮವರೆಗೆ ಬರಲಿಲ್ಲ. ಯಾವ ತಲೆಮಾರಿನಲ್ಲಿ ಬಿದ್ದುಹೋಯಿತೋ ತಿಳಿಯದು. ಮರವಾದ್ದರಿಂದ ಮಣೆ ಉಳಿಯಿತು.

ಆ ಸಭೆಯ ಮರುದಿನ ನಾನು ಕಲಿಮನೆಯಲ್ಲಿ ಮತ್ತೆ ನಿಮ್ಮ ಕತೆ ಹೇಳಿದೆ. ವಾಂತಿಯ ಮಾತು ಬಂದಾಗ ಮಕ್ಕಳು ಎಂದಿನಂತೆ ನಕ್ಕರು. ನಾನು ನಗಲಿಲ್ಲ. ನೀವು ನಗಲಿಲ್ಲ ಎಂಬ ಮಾತನ್ನು ಇಷ್ಟು ವರ್ಷ ನಾನು ಸುಮ್ಮನೆ ದಾಟಿ ಹೋಗಿದ್ದೆ. ಅಂದು ಅಲ್ಲಿಯೇ ನಿಂತುಬಿಟ್ಟೆ, ಮುಂದೆ ಹೋಗಲಾಗಲಿಲ್ಲ. ಮುಂದೆ ಕತೆ ಇರಲೂ ಇಲ್ಲ.

ಹಾಗಾಗಿ ಒಂದೇ ಒಂದು ಬೇಡಿಕೆ. ಈ ಓಲೆ ನಿಮ್ಮನ್ನು ಮುಟ್ಟುವ ದಾರಿ ಇದ್ದರೆ, ಕತೆಯ ಉಳಿದ ಭಾಗವನ್ನು ಎಲ್ಲಾದರೂ ಬರೆದಿಡಿ. ಮಣೆಯ ಹಿಂಬದಿಯ ಮೇಲೆ ಕೆತ್ತಿಸಿದರೂ ಸಾಕು. ಆ ಹುಡುಗಿ ಮಣೆಯಿಂದ ಎದ್ದ ಮೇಲೆ ಆ ಪ್ರವಾಸ ಏನಾಯಿತು? ಬಸ್ಸು ಹೋಯಿತೇ? ಅಥವಾ ನಡೆದು ಹೋಗುವಷ್ಟು ಹತ್ತಿರದ ಜಾಗ ಹುಡುಕಿದಿರೇ? ಅವಳನ್ನು ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ಕೈಯಲ್ಲಿ ಒಂದು ನಿಂಬೆಹಣ್ಣು ಕೊಟ್ಟಿರೇ? ಎಲ್ಲರೂ ಹೋಗಿ ಬಂದ ಆ ದಿನ ಅವಳೂ ಜೊತೆಯಲ್ಲಿದ್ದಳೇ?

ನಾವು ಇದನ್ನು ಒಮ್ಮೆಯೂ ಕೇಳಲಿಲ್ಲ.

ನಿಮ್ಮ,
ನೀಲಗಂಗಾ